ಒಂದು ಫಿರಂಗಿ ದಳಕ್ಕೆ ಮೂರು ಕಲ್ಲುಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್ ಎಂಬ ಸಣ್ಣ ಊರಿನ ಸುತ್ತಲಿನ ಹೊಲ ತೋಟಗಳಲ್ಲಿ, 1863ರ ಜುಲೈ 1ರಿಂದ 3ರವರೆಗೆ, ಒಂದೇ ದೇಶದ ಜನ ಎರಡು ಸೈನ್ಯಗಳಾಗಿ ಕಾದಾಡಿದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟವನ್ನೇ ತೊರೆದ ದಕ್ಷಿಣದ ರಾಜ್ಯಗಳು ಒಂದು ಕಡೆ, ಒಕ್ಕೂಟದ ಸೇನೆ ಇನ್ನೊಂದು ಕಡೆ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲರೂ ಸೇರಿ ಆ ಮೂರು ದಿನಗಳ ನಷ್ಟ ಸುಮಾರು 51,000. ಇಂದು ಆ ರಣಭೂಮಿಯಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳು ನಿಂತಿವೆ. ಅವುಗಳ ಪೈಕಿ ಒಂದೇ ದಳಕ್ಕೆ ಸೇರಿದ ಮೂರು ಕಲ್ಲುಗಳ ಕುರಿತು ನಾನು ಮಾತನಾಡಲಿದ್ದೇನೆ. ಅದು ಒಕ್ಕೂಟದ ಕಡೆಯಲ್ಲಿ ಕಾದಾಡಿದ ಮ್ಯಾಸಚೂಸೆಟ್ಸ್ ರಾಜ್ಯದ 9ನೆಯ ಫಿರಂಗಿ ದಳ.

1862ರಲ್ಲಿ ಕಟ್ಟಿದ ಈ ದಳಕ್ಕೆ ಗೆಟ್ಟಿಸ್‌ಬರ್ಗ್‌ಗೆ ಬರುವ ತನಕ ಕದನದ ಅನುಭವವೇ ಇರಲಿಲ್ಲ. ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಸೇನೆಗೆ ಸೇರಿದ ಅದರ ನಾಯಕ ಕ್ಯಾಪ್ಟನ್ ಜಾನ್ ಬಿಗೆಲೋ ಅವರಿಗೆ ಆಗ ಇನ್ನೂ 22 ವರ್ಷ. ನೂರರ ಆಸುಪಾಸಿನ ಸೈನಿಕರು, ಆರು ಕಂಚಿನ ಫಿರಂಗಿಗಳು, ಅವನ್ನೂ ಮದ್ದುಗುಂಡಿನ ಗಾಡಿಗಳನ್ನೂ ಎಳೆಯಲು 88 ಕುದುರೆಗಳು: ದಳವೆಂದರೆ ಇಷ್ಟೇ.

ಜುಲೈ 2ರ ಮಧ್ಯಾಹ್ನ ಒಕ್ಕೂಟದ ಜನರಲ್ ಡೇನಿಯಲ್ ಸಿಕಲ್ಸ್ ಮೇಲಿನ ಆಜ್ಞೆಯಿಲ್ಲದೆ ತಮ್ಮ ಪಡೆಯನ್ನು ಪೀಚ್ ತೋಟದವರೆಗೆ ಮುಂದೊಯ್ದರು. ಸಾಲು ಉದ್ದವಾಯಿತು, ತೆಳುವಾಯಿತು. ನಡುವಿನ ತೆರಪುಗಳನ್ನು ಮೀಸಲು ಫಿರಂಗಿಗಳಿಂದ ತುಂಬಬೇಕಾಯಿತು. ಹಾಗೆ ಗೋಧಿ ಹೊಲದ ರಸ್ತೆಯ ಪಕ್ಕದಲ್ಲಿ ನಿಂತ ಬಿಗೆಲೋ ಅವರ ದಳದ ಅಕ್ಕಪಕ್ಕದಲ್ಲಿ, ಸಂಜೆಯ ಹೊತ್ತಿಗೆ ಪೀಚ್ ತೋಟ ಕೈತಪ್ಪಿದಾಗ, ಕಾಲಾಳುಗಳು ಯಾರೂ ಉಳಿದಿರಲಿಲ್ಲ. ಶತ್ರುಗಳು ಅಷ್ಟು ಹತ್ತಿರದಲ್ಲಿರುವಾಗ ಗುಂಡು ಹಾರಿಸುವುದನ್ನು ನಿಲ್ಲಿಸಿ ಕುದುರೆ ಹೂಡಲು ಹೋದರೆ ದಳವೇ ನಾಶವಾಗುತ್ತಿತ್ತು. ಆದ್ದರಿಂದ ಫಿರಂಗಿಯ ಹಿಂಬದಿಗೆ ಉದ್ದನೆಯ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕುದುರೆಗಾಡಿಗೆ ಬಿಗಿದರು. ಗುಂಡು ಹಾರಿದಾಗ ಫಿರಂಗಿ ಹಿಂದಕ್ಕೆ ಜಿಗಿಯುತ್ತದೆ. ಸಡಿಲಾದ ಹಗ್ಗವನ್ನು ಕುದುರೆಗಳು ಎಳೆಯುತ್ತವೆ. ಅಷ್ಟರಲ್ಲಿ ಮತ್ತೆ ಮದ್ದು ತುಂಬುತ್ತಾರೆ. ಹೀಗೆ ಮುಖವನ್ನು ಶತ್ರುವಿನ ಕಡೆಗೇ ಇಟ್ಟುಕೊಂಡು ಅವರು ಟ್ರಾಸಲ್ ಕುಟುಂಬದ ಹೊಲದ ಮೂಲೆಯವರೆಗೆ ಹಿಂದೆ ಸರಿದರು.

ಅಲ್ಲಿ ಒಕ್ಕೂಟದ ಮೀಸಲು ಫಿರಂಗಿಗಳ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಫ್ರೀಮನ್ ಮೆಕ್‌ಗಿಲ್ವರಿ ಎದುರಾದರು. ಹಿಂದಿನ ಗುಡ್ಡದವರೆಗೆ ಒಕ್ಕೂಟದ ಸಾಲು ಖಾಲಿಯಾಗಿತ್ತು. ತಾವು ಬೇರೆ ಫಿರಂಗಿಗಳನ್ನು ಒಟ್ಟುಗೂಡಿಸಿ ಹಿಂದೆ ಹೊಸ ಸಾಲು ನಿಲ್ಲಿಸುವ ತನಕ ಏನೇ ಆದರೂ ಈ ಜಾಗ ಬಿಡಬಾರದೆಂದು ಅವರು ಬಿಗೆಲೋಗೆ ಆಜ್ಞಾಪಿಸಿದರು. ಬೆನ್ನಿಗೆ ಕಲ್ಲಿನ ಗೋಡೆ, ಹೊರಹೋಗಲು ಒಂದು ಕಿರಿದಾದ ದಾರಿ. ತಗಡಿನ ಡಬ್ಬಿಯಲ್ಲಿ ಕಬ್ಬಿಣದ ಗುಂಡುಗಳನ್ನು ತುಂಬಿದ ಕ್ಯಾನಿಸ್ಟರ್‌ಗಳನ್ನು ಹಾರಿಸುತ್ತ, ದಕ್ಷಿಣದ ಸೇನೆಯ ಮಿಸಿಸಿಪ್ಪಿ 21ನೆಯ ಕಾಲಾಳು ದಳವನ್ನು ಅವರು ಸುಮಾರು ಅರ್ಧ ಗಂಟೆ ತಡೆದರು. ಹೊರಡುವಾಗ ಮೊದಲ ಫಿರಂಗಿ ಆ ಕಿರಿದಾದ ದಾರಿಯಲ್ಲೇ ಮಗುಚಿಕೊಂಡಿತು. ಇನ್ನೊಂದನ್ನು ಕಲ್ಲುಗೋಡೆಯ ಮೇಲಿಂದಲೇ ಹಾಯಿಸಿ ದಾಟಿಸಿದರು. ನಾಲ್ಕು ಫಿರಂಗಿಗಳು ಶತ್ರುವಿನ ಕೈಸೇರಿದವು, ನಂತರ ಮತ್ತೆ ದೊರೆತವು. ಗಾಯಗೊಂಡ ಬಿಗೆಲೋ ಅವರನ್ನು ಕಹಳೆಗಾರ ಚಾರ್ಲ್ಸ್ ರೀಡ್ ಕುದುರೆಯ ಮೇಲೆ ಕೂರಿಸಿ, ಎರಡೂ ಕಡೆಯ ಗುಂಡಿನ ನಡುವೆ ಹಿಂದಕ್ಕೆ ಕರೆತಂದರು. ಅದಕ್ಕಾಗಿ ರೀಡ್ ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿದ್ದು 1895ರಲ್ಲಿ. ಅವರು ಒಳ್ಳೆಯ ಚಿತ್ರಗಾರರೂ ಆಗಿದ್ದರು. ಯುದ್ಧಕಾಲದಲ್ಲಿ ಅವರು ಬರೆದ ರೇಖಾಚಿತ್ರಗಳು ಇಂದಿಗೂ ಉಳಿದಿವೆ.

ಆ ಸಂಜೆ ದಳದ 88 ಕುದುರೆಗಳಲ್ಲಿ 80 ಸತ್ತವು ಅಥವಾ ಗಾಯಗೊಂಡವು. ಕಾದಾಟ ಮುಗಿದ ಕೆಲವೇ ದಿನಗಳಲ್ಲಿ ಛಾಯಾಗ್ರಾಹಕ ತಿಮೋತಿ ಓಸಲಿವನ್ ತೆಗೆದ ಚಿತ್ರದಲ್ಲಿ, ಟ್ರಾಸಲ್ ಮನೆಯ ಮುಂದೆಯೇ ಅವುಗಳ ಹೆಣಗಳು ಬಿದ್ದಿವೆ. ಆ ಹೊಲಕ್ಕೆ ಹೋಗುವವರು ಸ್ಮಾರಕವನ್ನು ಓದುವ ಮೊದಲು ಈ ಚಿತ್ರವನ್ನು ನೋಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಫಿರಂಗಿ ದಳವನ್ನು ನೆನೆಯುವಾಗ ಅದನ್ನು ಎಳೆದು ತಂದ ಪ್ರಾಣಿಗಳನ್ನು ಬಿಟ್ಟರೆ ಆ ನೆನಪು ಅರ್ಧವೇ ಸರಿ.

1885ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ದಳಗಳು ಇಲ್ಲಿ ತಮ್ಮ ಸ್ಮಾರಕಗಳನ್ನು ನಿಲ್ಲಿಸಿದವು. ಈ ದಳದ ಮುಖ್ಯ ಕಲ್ಲು ಗೋಧಿ ಹೊಲದ ರಸ್ತೆಯಲ್ಲಿದೆ, ಎರಡನೆಯದು ಟ್ರಾಸಲ್ ಹೊಲದ ಬಳಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ನಡೆದರೆ, ಹಗ್ಗ ಕಟ್ಟಿದ ಫಿರಂಗಿಗಳು ಸರಿದ ದಾರಿಯನ್ನೇ ನಮ್ಮ ಕಾಲು ಅಳೆಯುತ್ತದೆ. ದೊಡ್ಡ ಪ್ರತಿಮೆಗಳಿಗೆ ಈ ಶಕ್ತಿ ಇಲ್ಲ. ನಿಂತ ಜಾಗದಲ್ಲೇ ಕಲ್ಲು ನೆಡಬೇಕೆಂಬ ಆ ಹಳೆಯ ಸೈನಿಕರ ಹಟ ಸರಿಯಾಗಿತ್ತು. ಹತ್ತಿರದ ಟ್ರಾಸಲ್ ಕಣಜದ ಇಟ್ಟಿಗೆ ಗೋಡೆಯಲ್ಲಿ ಫಿರಂಗಿ ಗುಂಡು ಕೊರೆದ ತೂತು ಈಗಲೂ ಕಾಣುತ್ತದೆ.

ಮೆಕ್‌ಗಿಲ್ವರಿಯವರ ಹೊಸ ಸಾಲು ಅಂದು ಸಮಯಕ್ಕೆ ಸರಿಯಾಗಿ ಸಿದ್ಧವಾಯಿತು, ದಾಳಿ ಅಲ್ಲಿಗೆ ನಿಂತಿತು. ಬಿಗೆಲೋ ಅವರ ದಳದಲ್ಲಿ ಉಳಿದ ಎರಡು ಫಿರಂಗಿಗಳನ್ನು ಲೆಫ್ಟಿನೆಂಟ್ ರಿಚರ್ಡ್ ಮಿಲ್ಟನ್ ಮರುದಿನ ಜೀಗ್ಲರ್ ತೋಪಿನ ಬಳಿ ಮತ್ತೆ ಸಾಲಿಗೆ ತಂದರು. ಮೂರನೆಯ ಕಲ್ಲು ಇರುವುದು ಅಲ್ಲಿಯೇ, ಆ ಎರಡು ಫಿರಂಗಿಗಳಿಗಾಗಿ.

ನಮಸ್ಕಾರ.