ಕೆಂಪು-ಹಳದಿ ಗ್ಯಾಲರಿಯಲ್ಲಿ ಒಂದು ಸಂಜೆ

ಹಿಂದಿನಿಂದ ಜನ ನೂಕ್ತಾನೇ ಇದ್ರು, ಅದಕ್ಕೇ ವಿಡಿಯೋ ಇಷ್ಟು ಅಲ್ಲಾಡ್ತಿದೆ. ಇದು ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂ ಗೇಟು. 2023ರ ಸೆಪ್ಟೆಂಬರ್ 3, ಭಾನುವಾರ. ಡ್ಯುರಾಂಡ್ ಕಪ್ ಫುಟ್‌ಬಾಲ್ ಫೈನಲ್. ಈ ಕಡೆ ಕೆಂಪು-ಹಳದಿಯ ಈಸ್ಟ್ ಬೆಂಗಾಲ್, ಆ ಕಡೆ ಮೋಹನ್ ಬಾಗಾನ್.

1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಟೂರ್ನಿ ಇದು, ಏಷ್ಯಾದಲ್ಲೇ ಹಳೇದು. ಇಲ್ಲಿಗೆ ಬರೋವಾಗ ಎರಡೂ ತಂಡದ ಹತ್ರ ಹದಿನಾರು ಹದಿನಾರು ಕಪ್. ಸಮ ಸಮ. ಇವತ್ತು ಗೆದ್ದವರು ಹದಿನೇಳು.

ನಾನು ಈಸ್ಟ್ ಬೆಂಗಾಲ್ ಕಡೆ ಟಿಕೆಟ್ ತಗೊಂಡಿದ್ದು ಕೋಚ್ ಕಾರ್ಲೆಸ್ ಕ್ವಾದ್ರಾತ್‌ಗೋಸ್ಕರ. 2019ರಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಗೆದ್ದುಕೊಟ್ಟ ಮನುಷ್ಯ. ಮೂರು ವಾರದ ಹಿಂದೆ ಇದೇ ಟೂರ್ನಿಯ ಗ್ರೂಪ್ ಪಂದ್ಯದಲ್ಲಿ ನಂದಕುಮಾರ್ ಹೊಡೆದ ಒಂದು ಗೋಲಿಂದ ಇವರು ಬಾಗಾನ್‌ನ ಸೋಲಿಸಿದ್ರು. ನಾಲ್ಕು ವರ್ಷಕ್ಕೂ ಮೀರಿದ ಕಾಯುವಿಕೆ ಅವತ್ತು ಮುಗಿದಿತ್ತು.

ಪಕ್ಕದಲ್ಲಿ ಕೂತಿರೋ ಈ ತಾತನ ಕೈ ನೋಡಿ. ಎಂಬತ್ತು ದಾಟಿದೆ. ಕಾಗದದ ಪೊಟ್ಟಣದಿಂದ ಸಾಸಿವೆ ಎಣ್ಣೆ ಕಲಸಿದ ಮಂಡಕ್ಕಿ ಎತ್ತಿ ಮೊದಲು ನನಗೇ ಕೊಟ್ರು. ಬಾರಿಸಾಲ್ ಅವರ ಹುಟ್ಟೂರು, ಈಗ ಬಾಂಗ್ಲಾದೇಶದಲ್ಲಿದೆ. ದೇಶ ಭಾಗ ಆದಾಗ ಅಪ್ಪನ ಹೆಗಲ ಮೇಲೆ ಕೂತು ಬಂದವರು. ಆ ಕಡೆಯಿಂದ ಬಂದವರನ್ನ ಇಲ್ಲಿ ಬಾಂಗಾಲ್ ಅಂತಾರೆ, ಮೊದಲಿಂದ ಈ ಕಡೆ ಇದ್ದವರು ಘೋಟಿ, ಅವರ ತಂಡ ಬಾಗಾನ್. ಬಾಂಗಾಲ್ ಮನೆಯ ಮೀನು ಇಲಿಶ್, ಅಂದ್ರೆ ಹಿಲ್ಸಾ; ಬಾಗಾನ್‌ನವರದ್ದು ಸಿಗಡಿ. ಮನೆ, ತೋಟ, ಹೊಳೆ ಎಲ್ಲಾ ಬಿಟ್ಟು ಬಂದವರಿಗೆ ಊರಿನ ಹೆಸರು ಅಂತ ಉಳಿದಿದ್ದು ಈ ಕ್ಲಬ್ಬಿನಲ್ಲೇ. ಈಸ್ಟ್ ಬೆಂಗಾಲ್. ಆ ಕೂಗು ನನಗೆ ಆಮೇಲೆ ಬೇರೆ ಥರಾನೇ ಕೇಳಿಸೋಕೆ ಶುರುವಾಯ್ತು.

ನಾನು ಬೆಂಗಳೂರು ಅಂದೆ. ತಾತ ನನ್ನ ಕಡೆ ಪೂರ್ತಿ ತಿರುಗಿ, "ಅಹ್ಮದ್ ಖಾನ್ ಊರು!" ಅಂದ್ರು.

ನಿಜ ಹೇಳ್ತೀನಿ, ನನಗೆ ಆ ಹೆಸರು ಗೊತ್ತಿರಲಿಲ್ಲ. ಪೆಲೆ ಪ್ರತಿಮೆ ಇರೋ ಗೌತಮಪುರದ ಪಕ್ಕದಲ್ಲೇ ಬೆಳೆದವನು ನಾನು. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದವರು. ಈಸ್ಟ್ ಬೆಂಗಾಲ್‌ನ ಐದು ಜನ ಫಾರ್ವರ್ಡ್‌ಗಳನ್ನ ಕೋಲ್ಕತ್ತಾ ಪಂಚಪಾಂಡವರು ಅಂತ ಕರೀತಿತ್ತು, ಅದರಲ್ಲಿ ಇವರೊಬ್ಬರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್, ತಾತ ಬೆರಳು ಮಡಚಿ ಮಡಚಿ ಹೇಳಿದ್ರು. 1951, 52ರಲ್ಲಿ ಸತತ ಎರಡು ಡ್ಯುರಾಂಡ್ ಬಂದಿದ್ದು ಆ ಕಾಲದಲ್ಲೇ. 2017ರಲ್ಲಿ ಅಹ್ಮದ್ ಬೆಂಗಳೂರಲ್ಲೇ ತೀರಿಕೊಂಡಾಗ ನಾನೂ ಅದೇ ಊರಲ್ಲಿದ್ದೆ. ಈಗಲೂ ಅದನ್ನ ನೆನೆಸಿಕೊಂಡರೆ ಸಂಕಟ ಆಗತ್ತೆ.

ಪಂದ್ಯಕ್ಕೆ ಬರ್ತೀನಿ. ಮೊದಲರ್ಧ ಗೋಲಿಲ್ಲ. 62ನೇ ನಿಮಿಷ, ಬಾಗಾನ್‌ನ ಅನಿರುದ್ಧ್ ಥಾಪಾಗೆ ಎರಡನೇ ಹಳದಿ ಕಾರ್ಡು, ಆಚೆಗೆ. ಅವರು ಹತ್ತೇ ಜನ. ನಮ್ಮ ಗ್ಯಾಲರಿ ಎದ್ದು ನಿಂತಿದ್ದು ಮತ್ತೆ ಕೂತಿಲ್ಲ. ತಾತ ನನ್ನ ಮೊಣಕೈ ಹಿಡಿದುಕೊಂಡು ನಿಂತಿದ್ರು.

71ನೇ ನಿಮಿಷ. ದಿಮಿತ್ರಿ ಪೆಟ್ರಾಟೋಸ್ ಚೆಂಡು ಎಳ್ಕೊಂಡು ಬಂದು, ಬಾಕ್ಸಿನ ಹೊರಗಿಂದಲೇ ಹೊಡೆದ. ಗೋಲು. ಎದುರಿನ ಗ್ಯಾಲರಿಯ ಹಸಿರು-ಮರೂನ್ ಬಾವುಟಗಳೆಲ್ಲ ಒಂದೇ ಸಲ ಎದ್ದವು. ಈ ಕಡೆ ಸದ್ದೇ ಇಲ್ಲ. ಮೊಣಕೈ ಮೇಲಿನ ಹಿಡಿತ ಸಡಿಲ ಆಗಿದ್ದು ನನಗೆ ಗೊತ್ತಾಯ್ತು.

ಒಂದು-ಸೊನ್ನೆ. ಬಾಗಾನ್‌ಗೆ ಹದಿನೇಳನೇ ಕಪ್. ಹತ್ತು ಜನ ಆಡಿ ಗೆದ್ದರು, ಅವರ ಗೆಲುವು ದೊಡ್ಡದೇ.

ಇಲ್ಲಿಂದ ಮುಂದೆ ವಿಡಿಯೋ ಇಲ್ಲ, ಫೋನ್ ಜೇಬಿಗೆ ಹಾಕಿದ್ದೆ. ತಾತ ನನ್ನ ಹೆಗಲು ಹಿಡಿದು ಇಳಿಜಾರು ಇಳಿದ್ರು. ಕೆಳಗೆ ಬಂದಮೇಲೆ ಒಂದು ಚಪ್ಪಲಿ ಬಿಟ್ಟರು. ನೆಲದ ಮೇಲೆ ಬಿದ್ದಿದ್ದ ಖಾಲಿ ನೀರಿನ ಬಾಟ್ಲಿಯನ್ನ ಬರಿಗಾಲ ಅಂಗಾಲಿಂದ ಮೆಲ್ಲಗೆ ಹಿಂದಕ್ಕೆಳೆದು, ಪಕ್ಕಕ್ಕೆ ಹೊರಳಿಸಿದ್ರು. "ಹೀಗೆ," ಅಂದ್ರು. "ಅಹ್ಮದ್ ಹೀಗೆ ಮಾಡ್ತಿದ್ದ."