5 ಯೂರೋ ಸೊಪ್ಪು, ಅಲ್ಫೊನ್ಸೊ ರಾಜ ಮತ್ತು ಸೆವಿಲ್‌ನ ಬಿಸಿಲು

ಈ ಮೊದಲ ಶಾಟ್‌ನಲ್ಲಿ ನನ್ನ ಮುಖ ಯಾಕೆ ಹೀಗಿದೆ ಅಂತ ಕೇಳಬೇಡಿ. ಸ್ಪೇನ್‌ನ ಸೆವಿಲ್ ಊರಿನ ಬಿಸಿಲು ಹಾಗಿತ್ತು. ರಾಯಚೂರಿನವರು ನಗುತ್ತೀರಿ, ಗೊತ್ತು. ಹಿಂದೆ ಕಾಣುತ್ತಿರುವುದು ಇಲ್ಲಿನ ಕತೀಡ್ರಲ್, ಅಂದರೆ ಊರಿನ ಮುಖ್ಯ ಚರ್ಚು. ಟಿಕೆಟ್ಟು, ಕ್ಯೂ ಎಲ್ಲ ನೀವೇ ನೋಡುತ್ತಿದ್ದೀರಿ, ಅದನ್ನು ಬಿಡೋಣ.

ನಾನು ಬಂದಿದ್ದು ಒಬ್ಬ ರಾಜನ ಸಮಾಧಿ ನೋಡಲಿಕ್ಕೆ. ಹತ್ತನೇ ಅಲ್ಫೊನ್ಸೊ. ನಿಮಗೂ ಮೊದಲು ಮಾವಿನಹಣ್ಣೇ ನೆನಪಾಯಿತು ಅಲ್ವಾ? ಆ ಹಣ್ಣಿನ ಹೆಸರು ಇವನದ್ದಲ್ಲ. ಅದು 1510ರಲ್ಲಿ ಗೋವಾ ಗೆದ್ದ ಪೋರ್ಚುಗೀಸ್ ಅಫೊನ್ಸೊ ಅಲ್ಬುಕರ್ಕ್‌ನ ಹೆಸರು. ಇವನು ಇನ್ನೂ ಹಳಬ. 1221ರಲ್ಲಿ ಟೊಲೆಡೊದಲ್ಲಿ ಹುಟ್ಟಿದ, 1252ರಿಂದ 1284ರವರೆಗೆ ಈಗಿನ ಸ್ಪೇನ್‌ನಲ್ಲಿದ್ದ ಕಾಸ್ಟೀಲ್ ರಾಜ್ಯ ಆಳಿದ. ಇಲ್ಲಿಯವರು ಅವನನ್ನು ‘ಎಲ್ ಸಾಬಿಯೊ’ ಅನ್ನುತ್ತಾರೆ. ಪಂಡಿತ ಅಂತ.

ಈಗ ಬರುತ್ತದೆ ನೋಡಿ, ನನ್ನ ಪಾಂಡಿತ್ಯ. ಬಲಗಡೆಯಿಂದ ಹೂವಿನ ಲಂಗದ ಹೆಂಗಸೊಬ್ಬರು ಬಂದರಲ್ಲ? ‘ಗ್ವಾಪಾ, ಗ್ವಾಪಾ’ ಅಂದರು. ಅಂದರೆ ಚೆಲುವೆ. ನಾನು ಅಲ್ಲೇ ಕರಗಿಹೋದೆ. ಕೈಗೆ ಒಂದು ಸೊಪ್ಪಿನ ಕಡ್ಡಿ ತುರುಕಿದರು. ರೋಸ್‌ಮೆರಿ, ಇಲ್ಲಿ ರೊಮೆರೊ ಅನ್ನುತ್ತಾರೆ. ಉಡುಗೊರೆ ಇರಬೇಕು ಅಂತ ಹಲ್ಲು ಬಿಟ್ಟೆ. ಅಷ್ಟರಲ್ಲಿ ನನ್ನ ಅಂಗೈ ಅವರ ಕೈಯಲ್ಲಿತ್ತು. ಬೆರಳಿನಿಂದ ಗೆರೆ ಎಳೆಯುತ್ತಾ ಆಯಸ್ಸು, ಅದೃಷ್ಟ, ಇಬ್ಬರು ಗಂಡುಮಕ್ಕಳು ಅಂತ ಏನೇನೋ ಹೇಳಿದರು. ಕೊನೆಗೆ 10 ಯೂರೋ! ನಾನು ಚಿಲ್ಲರೆ ತೆಗೆದರೆ ಮುಟ್ಟಲಿಲ್ಲ. ನಾಣ್ಯ ಅಪಶಕುನವಂತೆ, ನೋಟೇ ಬೇಕಂತೆ. ನಮ್ಮೂರ ಗಿಣಿಶಾಸ್ತ್ರದವನು ಮೊದಲು ರೇಟು ಹೇಳಿ ಆಮೇಲೆ ಪಂಜರದ ಬಾಗಿಲು ತೆಗೆಯುತ್ತಾನೆ. ನಿಯತ್ತು ಅಂದರೆ ಅದು. ಜಗ್ಗಾಡಿ 5 ಯೂರೋಗೆ ಮುಗಿಸಿದೆ. ಒಂದು ಕಡ್ಡಿ ಸೊಪ್ಪಿಗೆ ಸುಮಾರು ಐನೂರು ರೂಪಾಯಿ! ಐನೂರಕ್ಕೆ ಎಷ್ಟು ಕಟ್ಟು ದಂಟು ಬರುತ್ತದೆ, ಲೆಕ್ಕ ಹಾಕಿ. ಅಮ್ಮನಿಗೆ ಇದನ್ನು ಹೇಳಿಲ್ಲ. ಅಮ್ಮ, ನೋಡುತ್ತಿದ್ದರೆ ಇಲ್ಲಿಂದ ಫಾರ್ವರ್ಡ್ ಮಾಡು.

ತಮಾಷೆ ಏನು ಗೊತ್ತಾ? ಈ ಅದೃಷ್ಟದ ವಿಚಾರ ಅಲ್ಫೊನ್ಸೊನ ಆಟಗಳ ಪುಸ್ತಕದಲ್ಲೇ ಇದೆ. 1283ರಲ್ಲಿ ಇದೇ ಊರಿನಲ್ಲಿ ಮುಗಿಸಿದ್ದು. ಅದರ ಶುರುವಿನಲ್ಲೇ ಭಾರತದ ಒಬ್ಬ ರಾಜನ ಕಥೆ ಬರುತ್ತದೆ. ಬುದ್ಧಿ ದೊಡ್ಡದೋ, ಅದೃಷ್ಟ ದೊಡ್ಡದೋ ಅಂತ ಅವನು ಮೂವರು ಪಂಡಿತರನ್ನು ಕೇಳುತ್ತಾನೆ. ಬುದ್ಧಿ ಅಂದವನು ಚೆಸ್ ತರುತ್ತಾನೆ. ಅದೃಷ್ಟ ಅಂದವನು ದಾಳ ತರುತ್ತಾನೆ. ಮೂರನೆಯವನು ಎರಡೂ ಬೇಕು ಅಂತ ಪಗಡೆಯಂಥ ಒಂದು ಹಲಗೆಯಾಟ ತರುತ್ತಾನೆ. ನಾನು ದಾಳದ ಪಾರ್ಟಿ, ಸೋತವರ ಕಡೆ.

ಇನ್ನೊಂದು ವಿಷಯ. ರಾಜನಾಗುವ ಮೊದಲೇ, 1251ರಲ್ಲಿ, ಅರಬಿಯಿಂದ ಒಂದು ಕಥೆಗಳ ಪುಸ್ತಕವನ್ನು ತನ್ನ ಭಾಷೆಗೆ ಮಾಡಿಸಿದ. ಕಲೀಲ, ದಿಮ್ನ ಅಂತ ಎರಡು ನರಿಗಳು. ಕರಟಕ, ದಮನಕ! ನಮ್ಮ ಪಂಚತಂತ್ರ ಕಣ್ರೀ. ಕನ್ನಡಕ್ಕೆ ಅದನ್ನು ದುರ್ಗಸಿಂಹ ಅದಕ್ಕಿಂತ ಇನ್ನೂರು ವರ್ಷ ಮೊದಲೇ ತಂದಿದ್ದ. ಈ ಕಾಫಿ ಶಾಟ್‌ನಲ್ಲಿ ಪಕ್ಕದ ಟೇಬಲ್‌ನವರಿಗೆ ನಾನು ಅದನ್ನೇ ವಿವರಿಸುತ್ತಿರುವುದು. ಅವರು ಬಿಲ್ ತರಿಸಿಕೊಂಡು ಎದ್ದರು.

ಒಳಗೆ ಸಮಾಧಿ ಇರುವ ಕಡೆ ಕ್ಯಾಮೆರಾ ಬ್ಯಾಗಿಗೆ ಹಾಕಿದೆ, ಹಾಗಾಗಿ ಸುಮ್ನೆ ನನ್ನ ದನಿ ಕೇಳಿ. ಮಧ್ಯದಲ್ಲಿ ಅಪ್ಪ, ಮೂರನೇ ಫೆರ್ನಾಂಡೊ. 1248ರಲ್ಲಿ ಮುಸ್ಲಿಮರಿಂದ ಸೆವಿಲ್ ಗೆದ್ದವನು. ಅವನ ಸಮಾಧಿಗೆ ಮಗ ಬರೆಸಿದ್ದು ನಾಲ್ಕು ಭಾಷೆಗಳಲ್ಲಿ: ಲ್ಯಾಟಿನ್, ಕಾಸ್ಟೀಲಿಯನ್, ಹೀಬ್ರೂ ಮತ್ತು ಸೋತವರ ಅರಬಿ. ಅದನ್ನು ಓದಿಕೊಂಡು ಹೋಗಿದ್ದ ನಾನು ಅಲ್ಲಿ ನಿಂತು, ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆ.

ಹೊರಗೆ ಬರುವಷ್ಟರಲ್ಲಿ ಆ ಅಭಿಪ್ರಾಯ ಇಳಿದಿತ್ತು. ಯಾಕೆಂದರೆ 1277ರಲ್ಲಿ ಸ್ವಂತ ತಮ್ಮ ಫಾದ್ರಿಕೆಯನ್ನು ವಿಚಾರಣೆ ಇಲ್ಲದೆ ಕೊಲ್ಲಿಸಿದವನೂ ಇವನೇ. ದುಡ್ಡಿನ ವಿಷಯದಲ್ಲಂತೂ ನನಗಿಂತ ಕಡೆ. ಅಮ್ಮನ ಕಡೆಯ ಜರ್ಮನ್ ನಂಟು ಹಿಡಿದುಕೊಂಡು ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಆಗುತ್ತೇನೆ ಅಂತ ಹೊರಟ. 1257ರಲ್ಲಿ ಅಲ್ಲಿನ ಜರ್ಮನ್ ಪ್ರಭುಗಳಲ್ಲಿ ಒಂದು ಗುಂಪು ಇವನನ್ನು ಆರಿಸಿತು, ಇನ್ನೊಂದು ಗುಂಪು ಇಂಗ್ಲೆಂಡಿನ ರಿಚರ್ಡ್‌ನನ್ನು ಆರಿಸಿತು. ಇವನು ಸುಮಾರು ಹದಿನೆಂಟು ವರ್ಷ ದುಡ್ಡು ಸುರಿದ. 1275ರಲ್ಲಿ ಪೋಪ್ ಖುದ್ದಾಗಿ ಕೂರಿಸಿಕೊಂಡು, ಆಗಲ್ಲ ಅಂದ. ನನ್ನದು 5 ಯೂರೋಗೆ ಮುಗಿಯಿತು, ಪುಣ್ಯ.

ಅದೇ ವರ್ಷ ಹಿರಿಮಗ ತೀರಿಕೊಂಡ. ಪಟ್ಟ ಮೊಮ್ಮಗನಿಗೋ, ಎರಡನೇ ಮಗ ಸಾಂಚೊಗೋ ಅಂತ ಜಗಳ ಹತ್ತಿತು. 1282ರಲ್ಲಿ ಸಾಂಚೊ ವಯ್ಯಾದೊಲಿದ್ ಊರಿನಲ್ಲಿ ಸಭೆ ಸೇರಿಸಿ ಅಪ್ಪನ ಅಧಿಕಾರವನ್ನೇ ಕಿತ್ತುಕೊಂಡ. ನಕ್ಷತ್ರಗಳ ಲೆಕ್ಕ ಹಾಕಿಸಿದವನಿಗೆ ಮನೆಯೊಳಗಿನ ಲೆಕ್ಕ ತಪ್ಪಿತು. ಊರುಗಳು ಒಂದೊಂದಾಗಿ ಕೈಬಿಟ್ಟವು. ಸೆವಿಲ್ ಬಿಡಲಿಲ್ಲ. ಇಲ್ಲೇ ಸತ್ತ.

ಈಗ ಕೆಳಗೆ ನೋಡಿ, ಮ್ಯಾನ್‌ಹೋಲ್ ಮುಚ್ಚಳ. ‘ನೋ’, ನಡುವೆ ಎಂಟರ ಆಕಾರದ ನೂಲಿನ ಲಡಿ, ಆಮೇಲೆ ‘ದೋ’. ಲಡಿಗೆ ಮದೇಹಾ ಅನ್ನುತ್ತಾರೆ. ಸೇರಿಸಿ ಓದಿದರೆ ‘ನೋ ಮೆ ಆ ದೆಹಾದೊ’, ನನ್ನನ್ನು ಕೈಬಿಡಲಿಲ್ಲ. ರಾಜನೇ ಊರಿಗೆ ಕೊಟ್ಟ ಘೋಷವಾಕ್ಯ ಅನ್ನುವುದು ಇಲ್ಲಿನ ಐತಿಹ್ಯ. ಊರ ಬಾವುಟದಲ್ಲೂ ಅದೇ ಇದೆ. ಇದನ್ನು ಕ್ಲೋಸಪ್ ತೆಗೆಯಲು ರಸ್ತೆಯಲ್ಲಿ ಮಂಡಿಯೂರಿದ್ದೇನೆ, ಕಬ್ಬಿಣ ದೋಸೆ ಹೆಂಚಿನ ಥರ ಕಾದಿದೆ.

ಕ್ಲಿಪ್ ಇಲ್ಲಿ ಯಾಕೆ ಅಲುಗಾಡಿ ನಿಂತಿತು ಅಂದರೆ, ಫ್ರೇಮಿನ ಮೂಲೆಯಿಂದ ಸೊಪ್ಪು ಹಿಡಿದ ಒಂದು ಕೈ ಬಂತು. ‘ಗ್ವಾಪಾ.’ ನಾನು ಓಡಿದೆ.