ಪ್ರಸಂಗ ಸರಿ ಇದೆ, ಪಂಕ್ತಿ ಎಡವಟ್ಟಾಗಿದೆ

ನಮಸ್ಕಾರ, ತುಮಕೂರಿನಿಂದ ಮಾತಾಡುತ್ತಿದ್ದೇನೆ. ಗುಬ್ಬಿ ಕಡೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಅಣ್ಣಾ, ನಮ್ಮ ಚರ್ಚ್ ಸಭೆಯಲ್ಲಿ ಪಾಸ್ಟರ್ ಮಾಡೋ ಪ್ರಸಂಗ ಚೆನ್ನಾಗಿರುತ್ತೆ. ಬೈಬಲ್ ಬಿಟ್ಟು ಆಚೀಚೆ ಹೋಗೋದೇ ಇಲ್ಲ. ಆದರೂ ಹೊಸಬರು ಎರಡು ಮೂರು ಭಾನುವಾರ ಬರ್ತಾರೆ, ಆಮೇಲೆ ಕಾಣಿಸೋದಿಲ್ಲ. ಯಾಕೆ?"

ಸೌಂಡ್ ಸಿಸ್ಟಮ್ ಕಾರಣ ಇರಬಹುದು ಅಂತ ನಿಮಗೆ ಅನಿಸಿದರೆ ತಪ್ಪಿಲ್ಲ. ಮೂವತ್ತು ಜನ ಕೂರುವ ಹಾಲ್‌ಗೆ ಊರ ಜಾತ್ರೆಗೆ ಸಾಲುವಷ್ಟು ಸ್ಪೀಕರ್ ಇಡುವವರು ನಾವು. ಆದರೆ ಉತ್ತರ ಅಲ್ಲಿಲ್ಲ. ಪ್ರಸಂಗ ಮುಗಿದ ಮೇಲೆ ಏನಾಗುತ್ತದೆ ಅನ್ನೋದರಲ್ಲಿದೆ.

ಬೇಸಿಕ್ಸ್ ಬೇಗ ಮುಗಿಸೋಣ. ಯೇಸು ನಮ್ಮ ಪಾಪಗಳಿಗಾಗಿ ಸತ್ತ, ಮೂರನೇ ದಿನ ಎದ್ದ. ದೇವರು ನಮ್ಮನ್ನು ಸೇರಿಸಿಕೊಳ್ಳುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ. ಸುವಾರ್ತೆ ಅಂದರೆ ಇದು, ಭಾನುವಾರ ಶಾಲೆಯ ಮಕ್ಕಳೂ ಹೇಳುತ್ತಾರೆ. ಇನ್ನು ಸಭೆಯ ಸಂಸ್ಕೃತಿ ಅಂದರೆ ಯಾರೂ ಕಲಿಸದೇ ಎಲ್ಲರೂ ಕಲಿಯುವ ವಿಷಯ. ಯಾವ ಬೆಂಚು ಯಾರದ್ದು, ಯಾರ ಮನೆಗೆ ಪಾಸ್ಟರ್ ಊಟಕ್ಕೆ ಹೋಗುತ್ತಾರೆ, ಯಾರ ಮನೆಗೆ ಬರೀ ಪ್ರಾರ್ಥನೆಗೆ ಹೋಗಿ ಬರುತ್ತಾರೆ, ಇಂಥವು. ಮೊದಲನೆಯದು ಎರಡನೆಯದರಲ್ಲಿ ಕಾಣದೇ ಹೋದರೆ ಏನಾಗುತ್ತದೆ?

[ತೆರೆಯ ಮೇಲೆ: ನಕ್ಷೆ, ಅಂತಿಯೋಕ್ಯ]

ಇಲ್ಲಿ ಸ್ವಲ್ಪ ನಿಲ್ಲೋಣ. ನನಗೆ ಬಹಳ ಇಷ್ಟದ ಜಾಗ ಇದು. ಅಂತಿಯೋಕ್ಯ ಇವತ್ತಿನ ಟರ್ಕಿಯಲ್ಲಿದೆ, ಈಗ ಅಂತಾಕ್ಯ ಅನ್ನುತ್ತಾರೆ. ಯೇಸುವಿನ ಶಿಷ್ಯರನ್ನು ಮೊಟ್ಟಮೊದಲು "ಕ್ರೈಸ್ತರು" ಅಂತ ಕರೆದದ್ದು ಇದೇ ಊರಲ್ಲಿ. ಯೆಹೂದ್ಯರೂ ಅನ್ಯಜನರೂ, ಅಂದರೆ ಯೆಹೂದ್ಯರಲ್ಲದವರೂ, ಅಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಯೇಸುವಿನ ಹಿರಿಯ ಶಿಷ್ಯ ಪೇತ್ರನೂ ಅವರ ಜೊತೆ ಕೂತು ಉಣ್ಣುತ್ತಿದ್ದ. ಅಷ್ಟರಲ್ಲಿ ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಪೇತ್ರ ನಿಧಾನವಾಗಿ ಹಿಂದೆ ಸರಿದ, ಬೇರೆ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಕೊನೆಗೆ ಬಾರ್ನಬನೂ ಎದ್ದ. ಬಾರ್ನಬ! ಹಿಂದೆ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಪೌಲನನ್ನು ಎಲ್ಲರೂ ಅನುಮಾನದಿಂದ ನೋಡುತ್ತಿದ್ದಾಗ ಕೈ ಹಿಡಿದು ಕರೆದುಕೊಂಡು ಬಂದವನೇ ಅವನು.

ಮದುವೆ ಮನೆಯಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ದೊಡ್ಡಪ್ಪ ನಿಮ್ಮ ಪಕ್ಕ ಕೂತು ಹರಟುತ್ತಾ ಇರುತ್ತಾರೆ. ಎಲೆ ಹಾಕಿ ಆಗಿದೆ, ಉಪ್ಪು ಉಪ್ಪಿನಕಾಯಿಯೂ ಬಂದಿದೆ. ಬಾಗಿಲಲ್ಲಿ ಊರಿನ ದೊಡ್ಡ ಕುಳಗಳು ಕಾಣಿಸುತ್ತಾರೆ. ದೊಡ್ಡಪ್ಪ ಟವೆಲ್ ಕೊಡವಿ, "ಬಂದೆ ಇರು ಮಗಾ" ಅಂತ ಎದ್ದು ಆ ಸಾಲಿಗೆ ಹೋಗುತ್ತಾರೆ. ನಿಮಗೆ ಒಂದು ಬೈಗುಳವೂ ಬೀಳಲಿಲ್ಲ. ದೊಡ್ಡಪ್ಪನ ಸಿದ್ಧಾಂತ ಏನು ಅಂತ ಕೇಳಿದರೆ "ಎಲ್ಲರೂ ಒಂದೇ ಕಣಯ್ಯಾ" ಅಂತಲೇ ಹೇಳುತ್ತಾರೆ. ಆದರೆ ಪಕ್ಕದ ಖಾಲಿ ಎಲೆ ನಿಮಗೆ ಬೇರೆ ಏನೋ ಹೇಳಿರುತ್ತದೆ.

ಪೇತ್ರ ತಪ್ಪು ಬೋಧನೆ ಮಾಡಲಿಲ್ಲ. ಒಂದು ವಾಕ್ಯವನ್ನೂ ತಿರುಚಲಿಲ್ಲ. ಅನ್ಯಜನರನ್ನು ಸೇರಿಸಿಕೊಳ್ಳಬೇಕು ಅಂತ ಅವನಿಗೆ ಗೊತ್ತಿರಲಿಲ್ಲವಾ? ಕೊರ್ನೇಲ್ಯ ಅನ್ನುವ ರೋಮನ್ ಶತಾಧಿಪತಿಯ ಮನೆಗೆ ಹೋಗಿ, "ಅನ್ಯಜನರ ಜೊತೆ ಊಟ ಮಾಡಿದೆ" ಅಂತ ಯೆರೂಸಲೇಮಿನಲ್ಲಿ ಬೈಸಿಕೊಂಡವನೇ ಈ ಪೇತ್ರ. ಅವನಿಗೆ ಎಲ್ಲಾ ಗೊತ್ತಿತ್ತು. ಬರೀ ಜಾಗ ಬದಲಿಸಿ ಕೂತ, ಅದೂ ಹೆದರಿಕೆಗೆ. ಅಷ್ಟಕ್ಕೇ ಪೌಲ ಎಲ್ಲರ ಮುಂದೆ ಅವನನ್ನು ಹಿಡಿದು ನಿಲ್ಲಿಸಿದ. ನೀವು ನಡೆಯುತ್ತಿರುವ ದಾರಿ ಸುವಾರ್ತೆಯ ಸತ್ಯಕ್ಕೆ ಸರಿಹೋಗುತ್ತಿಲ್ಲ ಅನ್ನೋದು ಅವನ ತಕರಾರು. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯ, ಪುರುಸೊತ್ತಿದ್ದಾಗ ಓದಿ. ಪೇತ್ರ ಏನು ಉತ್ತರ ಕೊಟ್ಟ ಅಂತ ಪೌಲ ಬರೆದೇ ಇಲ್ಲ. ನನಗಂತೂ ಆ ಕುತೂಹಲ ಇನ್ನೂ ಹೋಗಿಲ್ಲ.

ತುಮಕೂರಿನವರಿಗೆ ಪಂಕ್ತಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಿದ್ಧಗಂಗಾ ಮಠ ಇಲ್ಲೇ ಇದೆ. ಜಾತಿ ಕೇಳದೇ ಸಾವಿರಾರು ಮಕ್ಕಳಿಗೆ ಅಲ್ಲಿ ದಾಸೋಹ ನಡೆಯುತ್ತದೆ. ಶಿವಕುಮಾರ ಸ್ವಾಮೀಜಿ 2019ರಲ್ಲಿ ತೀರಿಕೊಂಡಾಗ ಜನ ಜಾಸ್ತಿ ಮಾತಾಡಿದ್ದು ಅವರ ಭಾಷಣಗಳ ಬಗ್ಗೆ ಅಲ್ಲ, ಆ ಊಟದ ಬಗ್ಗೆ. ಚರ್ಚಿನವರು ಇದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟರೆ ಒಳ್ಳೆಯದೇ ಅನ್ನೋದು ನನ್ನ ಅಭಿಪ್ರಾಯ.

ಯಾಕೆಂದರೆ ನಮ್ಮ ಚರ್ಚುಗಳ ಹಳೆಯ ಲೆಕ್ಕ ಅಷ್ಟೇನೂ ಚೆನ್ನಾಗಿಲ್ಲ. ತಮಿಳುನಾಡಿನ ತಂಜಾವೂರು ಕಡೆ ಜಾತಿಗೊಂದು ಜಾಗ ಮಾಡಿಕೊಂಡು ಆರಾಧನೆಗೆ ಕೂರುತ್ತಿದ್ದರು, ಕರ್ತನ ಭೋಜನವನ್ನೂ, ಅಂದರೆ ಯೇಸುವಿನ ನೆನಪಿಗೆ ಹಂಚಿಕೊಳ್ಳುವ ರೊಟ್ಟಿ ದ್ರಾಕ್ಷಾರಸವನ್ನೂ, ಜಾತಿಯ ಸಾಲಿನಲ್ಲೇ ತೆಗೆದುಕೊಳ್ಳುತ್ತಿದ್ದರು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಇದು ಈಗಿಂದೀಗಲೇ, ಪೂರ್ತಿ ನಿಲ್ಲಬೇಕು ಅಂತ ಆದೇಶ ಹೊರಡಿಸಿದರು. ಎಷ್ಟೋ ಜನ ಸಭೆಯನ್ನೇ ಬಿಟ್ಟರು, ಪಂಕ್ತಿಭೇದ ಬಿಡಲಿಲ್ಲ. 1850ರಲ್ಲಿ ಮದ್ರಾಸಿನ ಮಿಷನರಿಗಳ ಸಮ್ಮೇಳನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೆಳಗಿನದು ಅನ್ನಿಸಿಕೊಂಡ ಜಾತಿಯವರು ಬೇಯಿಸಿದ್ದನ್ನು ತಿನ್ನಲು ಒಪ್ಪದವರನ್ನು ಸಭೆಗೆ ಸೇರಿಸಬಾರದು ಅಂತ ತೀರ್ಮಾನಿಸಿತು.

ಉದ್ದೇಶ ಒಳ್ಳೆಯದೇ. ಆದರೆ ಊಟ ಪರೀಕ್ಷೆಯಾದರೆ ಅದೂ ಒಂದು ಕಟ್ಟಳೆಯೇ. ಪಾಸ್ ಆದವರು ಎದೆ ಉಬ್ಬಿಸುತ್ತಾರೆ, ಆಗದವರು ಮನೆಗೆ ಹೋಗುತ್ತಾರೆ, ಒಳಗಿನ ಹೆದರಿಕೆ ಹಾಗೇ ಉಳಿಯುತ್ತದೆ. ಪರೀಕ್ಷೆ ಇಟ್ಟ ಬಿಳಿಯರ ಕಡೆಯನ್ನೂ ಸ್ವಲ್ಪ ನೋಡಿ. ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷರಿಗೆ ಬಂಗಲೆ, ಕ್ಲಬ್. ಗಣಿಗೆ ಇಳಿಯುತ್ತಿದ್ದ ತಮಿಳು ಕೂಲಿಗಳಿಗೆ ಸಾಲುಮನೆ, ಅದೇ "ಲೈನ್". ಇಬ್ಬರಲ್ಲೂ ಕ್ರೈಸ್ತರಿದ್ದರು. ಕ್ಲಬ್ಬಿನ ಬಾಗಿಲಲ್ಲಿ ಮಾತ್ರ ಯಾರೂ ಸಹಭೋಜನದ ಪರೀಕ್ಷೆ ಇಡಲಿಲ್ಲ.

[ಗಡಿಯಾರ ತೋರಿಸಿ]

ಟೈಮ್ ಓಡುತ್ತಿದೆ, ಉಳಿದಿದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ನಮ್ಮ ಮೂರು ಜಿಲ್ಲೆಗೆ ಮೂರು ಮಿಷನ್‌ಗಳು ಬಂದವು: ತುಮಕೂರಿಗೆ ವೆಸ್ಲಿಯನ್, ಚಿಕ್ಕಬಳ್ಳಾಪುರಕ್ಕೆ ಲಂಡನ್ ಮಿಷನ್, ಕೋಲಾರಕ್ಕೆ ಅಮೆರಿಕದ ಮೆಥೊಡಿಸ್ಟರು. ಮೊದಲ ಎರಡು 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಒಳಗೆ ಸೇರಿದವು, ಕೋಲಾರದ ಮೆಥೊಡಿಸ್ಟರು ಹೊರಗೇ ಉಳಿದರು. ಈಗ ಇವುಗಳ ಜೊತೆ ಹೊಸ ಸ್ವತಂತ್ರ ಸಭೆಗಳೂ ಬೇಕಾದಷ್ಟಿವೆ. ಬೋರ್ಡ್ ಯಾವುದೇ ಇರಲಿ, ನೋಡಬೇಕಾದ್ದು ಇವನ್ನೇ. ಚಿನ್ನದ ಉಂಗುರದವರು ಬಂದರೆ ಮುಂದೆ ಕುರ್ಚಿ, ಕೊಳಕು ಬಟ್ಟೆಯವರಿಗೆ ನೆಲ. ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ ಈ ದೂರು ಆಗಲೇ ಇದೆ. ಸಾಲ ಮಾಡಿಕೊಂಡವರು, ಕುಡಿತ ಬಿಡಲಾಗದವರು ಬಾಯಿಬಿಟ್ಟು ಹೇಳಿಕೊಂಡರೆ ಅದು ಪ್ರಾರ್ಥನೆಯ ವಿಷಯ ಆಗುತ್ತದಾ, ಸಂಜೆಯ ಹರಟೆ ಆಗುತ್ತದಾ? ಹೊಸಬರು ಕಾಲಿಟ್ಟ ಕೂಡಲೇ "ಯಾವ ಊರು, ಯಾರ ಪೈಕಿ?" ಅಂತ ಕೇಳುವುದು ಪರಿಚಯಕ್ಕಾ, ಅಥವಾ ಸುಮ್ನೆ ಜಾತಿ ತಿಳಿಯೋದಕ್ಕಾ? ಕೇಳಿಸಿಕೊಂಡವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಗುಬ್ಬಿಯ ಅಣ್ಣನಿಗೆ ಒಂದು ಸಲಹೆ. ಇದಕ್ಕೊಂದು ಸೆಮಿನಾರ್ ಮಾಡಿಸಬೇಡಿ. ಚರ್ಚಿನ ಮುಂದಿನ ಸುಗ್ಗಿ ಹಬ್ಬದ ಊಟದ ದಿನ ಅಡುಗೆಗೆ ಯಾರನ್ನು ಕರೆಯುತ್ತೀರಿ, ಪಾತ್ರೆ ತೊಳೆಯಲು ಪ್ರತಿ ಸಲ ಅದೇ ಮನೆಯವರು ಯಾಕೆ ನಿಲ್ಲುತ್ತಾರೆ, ಕಮಿಟಿಯವರಿಗೆ ಒಳಗೆ ಬೇರೆ ಟೇಬಲ್ ಹಾಕಿದ್ದಾರಾ ಅಂತ ನೋಡಿ. ಹಾಕಿದ್ದರೆ ಪಾಸ್ಟರ್‌ಗೆ ಹೇಳಿ. ಹೇಳಲು ಧೈರ್ಯ ಬರಲಿಲ್ಲವಾ? ಹಾಗಾದರೆ ಟೇಬಲ್‌ಗಿಂತ ಮೊದಲು ಸರಿಯಾಗಬೇಕಾದ್ದು ಅದೇ. ಅಂತಿಯೋಕ್ಯದಲ್ಲಿ ಪೇತ್ರನಂಥವನಿಗೂ ಎದುರು ನಿಂತು ಹೇಳುವವನೊಬ್ಬ ಇದ್ದ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಬಡವರು ಹಸಿದು ಕೂತ ಕಥೆ ಇವತ್ತು ಹಿಡಿಸಲಿಲ್ಲ, ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.